ಕಡಲ ಹುಳುವಿನ ಕೊಂಬು

"ಇವೆರಡಕ್ಕೂ ಬೇರೆ ಬೇರೆ ಚೀಟಿ ಯಾಕ್ರೀ? ಎರಡೂ ಒಂದೇ ಜಾತಿ!"

ಬೆನ್ನ ಹಿಂದಿನ ದನಿಗೆ ಏಕಾಂತಮ್ಮ ತಿರುಗಿ ನೋಡಿದಳು.

ಅವನೇ... ಪಾಲಯ್ಯ! ಅವಳ ಮುಖ ಕಂಡು ಅವನೂ ನಿಂತಲ್ಲೇ ನಿಂತ.

ಹೋದ ವರ್ಷ, ಅಂದರೆ ಎಪ್ಪತ್ಮೂರರಲ್ಲಿ, ಅವಳ ಊರು ತಾಳ್ಯಕ್ಕೆ ಹೆಣ್ಣು ನೋಡಲು ಬಂದು, ಎಲೆ-ಅಡಿಕೆ ಮುಟ್ಟದೆ ಎದ್ದು ಹೋದವನು. ಹೆಣ್ಣು ಒಪ್ಪಿಗೆಯಾದರೆ ಗಂಡು ತಟ್ಟೆಯಿಂದ ಎಲೆ-ಅಡಿಕೆ ತೆಗೆದುಕೊಳ್ಳುವುದು ಅವರ ಮನೆತನಗಳ ರೂಢಿ. ಮುಟ್ಟಲಿಲ್ಲವೆಂದರೆ ಮುಗಿಯಿತು, ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಅಂಥವನು ಚಿತ್ರದುರ್ಗಕ್ಕೆ, ಅದೂ ಅವಳು ಡೆಮಾನ್‌ಸ್ಟ್ರೇಟರ್ ಆಗಿರುವ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೇ ಮೇಷ್ಟ್ರಾಗಿ ಬರಬೇಕೇ? ದೇವರಿಗೆ ಬೇರೆ ಕೆಲಸವೇ ಇರಲಿಲ್ಲವೇ!

'ಬೇಡ ಅಂದವನನ್ನು ನಾನ್ಯಾಕೆ ಇನ್ನೂ ಮರೆತಿಲ್ಲ...'

ಸಿಟ್ಟು ನುಂಗಿಕೊಂಡು ಎರಡು ಗಾಜಿನ ಜಾಡಿಗಳನ್ನು ಅವನ ಮುಂದೆ ತಳ್ಳಿದಳು. ಕಾರವಾರದಿಂದ ಬಂದ, ಚಿಪ್ಪಿಲ್ಲದ ಕಡಲ ಬಸವನಹುಳುಗಳು. ಸ್ಪಿರಿಟ್‌ನಲ್ಲಿ ಬಣ್ಣವೆಲ್ಲ ಹೋಗಿ ಬಿಳಿಚಿಕೊಂಡಿದ್ದವು. ಇನ್ನು ಮೈ ನೋಡಿಯೇ ಗುರುತು ಹಿಡಿಯಬೇಕು.

"ಕಣ್ಬಿಟ್ಟು ನೋಡ್ರಿ ಸರ್. ಇದಕ್ಕೆ ತಲೆ ಮೇಲೆ ಕೊಂಬು ಐತೆ, ಬೆನ್ನ ಮೇಲೆ ಹೂವಿನಂಗೆ ಕಿವಿರು ಐತೆ. ಅದಕ್ಕೆ ಎರಡೂ ಇಲ್ಲ. ನೋಡಿದ್ ತಕ್ಷಣ ತೀರ್ಮಾನ ಮಾಡೋದು ನಿಮಗೆ ರೂಢಿ ಅಂತ ಕಾಣ್ತೈತೆ!"

ಪಾಲಯ್ಯನ ಮುಖ ಸಪ್ಪಗಾಯಿತು. ಮಾತು ಹುಳುವಿನ ಬಗ್ಗೆ ಮಾತ್ರ ಅಲ್ಲವೆಂದು ಅವನಿಗೆ ಗೊತ್ತಾಯಿತು. ಕೊಂಬಿಲ್ಲದ ಹುಳುವಿನತ್ತ ಮೆಲ್ಲಗೆ ಲೆನ್ಸ್ ಚಾಚಿದ.

"ಇದರಾಗೆ ನೋಡ್ರಿ. ತಲೆ ಮೇಲೆ ಎರಡು ಸಣ್ಣ ತೂತು, ಬೆನ್ನ ಮೇಲೆ ಹಿಂದಕ್ಕೆ ಒಂದು. ಕೊಂಬು, ಕಿವಿರು ಒಳಗೇ ಅವೆ. ಜೀವ ಇದ್ದಾಗಲೇ ದಿಢೀರಂತ ಸ್ಪಿರಿಟ್‌ಗೆ ಹಾಕ್ಯಾರೆ. ಹೆದರಿದ್ರೆ ಎಲ್ಲಾನೂ ಒಳಗೆ ಎಳ್ಕಂತೈತೆ."

ಏಕಾಂತಮ್ಮ ಬಗ್ಗಿ ನೋಡಿದಳು. ಹೌದು... ತೂತುಗಳಿದ್ದವು! ನಾಚಿಕೆಯಿಂದ ಒಂದು ಚೀಟಿ ಹರಿದು ಹಾಕಿದಳು.

"ಬ್ಯಾಸರ ಮಾಡ್ಕಬ್ಯಾಡ್ರಿ. ನಾನೂ ಇಂಥದೇ ತಪ್ಪು ಮಾಡೀನಿ," ಎಂದ ಪಾಲಯ್ಯ. "ಅವತ್ತು ನಮ್ ಸೋದರತ್ತೆ 'ನಡಿ, ಜಡೆ ತೋರ್ಸು, ಹಲ್ಲು ತೋರ್ಸು' ಅಂದಾಗ ನೀವು ತಲೆ ಎತ್ತಲೇ ಇಲ್ಲ. ಕಣ್ಣಾಗೆ ನೀರಿತ್ತು. ಈ ಹುಡುಗಿ ಬಲವಂತಕ್ಕೆ ಬಂದು ಕುಂತೈತೆ ಅನ್ಕಂಡೆ. ಅದಕ್ಕೇ ಎಲೆ-ಅಡಿಕೆ ಮುಟ್ಟಲಿಲ್ಲ."

"ಅಂದ್ರೆ... ನೀವು ಬ್ಯಾಡ ಅಂದಿದ್ದಲ್ವಾ?"

"ನಾನಾ? ಆಮೇಲೆ ಬೇರೆ ಹೆಣ್ಣೇ ನೋಡಿಲ್ಲ ಕಣ್ರೀ!"

'ಅಯ್ಯೋ, ವರ್ಷವಿಡೀ ಸುಮ್ಮಸುಮ್ಮನೆ ಅತ್ತೆನಲ್ಲ!' ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ನಂಗೆ ಅಳು ಬಂದಿದ್ದು ನಿಮ್ಮತ್ತೆ ಹಲ್ಲು ನೋಡಿದ್ದಕ್ಕೆ. ಕುರಿ ಸಂತೇಲಿ ನಿಂತಂಗಾಗಿತ್ತು. ನಿಮ್ಮನ್ನ ಅದಕ್ಕೂ ಮುಂಚೇನೇ ಬಾಗ್ಲು ಸಂದೀಲಿ ನೋಡಿದ್ದೆ..."

"ನೋಡಿ?"

ಅವಳು ಜಾಡಿಯ ಮುಚ್ಚಳವನ್ನು ವಿನಾಕಾರಣ ತಿರುಗಿಸಿದಳು. ಕೆನ್ನೆ ಬಿಸಿಯಾಯಿತು.

"ಭಾನುವಾರ ಇನ್ನೊಂದ್ಸಲ ಬರ್ರಿ. ಅತ್ತೇನ ಮಾತ್ರ ಮನೇಲೇ ಬಿಟ್ ಬರ್ರಿ!"

ಪಾಲಯ್ಯ ಮನಸ್ಸು ಬಿಚ್ಚಿ ನಕ್ಕ.

"ಎಲೆ-ಅಡಿಕೆ ಇಡ್ತೀರಾ?"

"ಇಟ್ರೆ... ತಗಂತೀರಾ?"

"ತಟ್ಟೆ ಸಮೇತ!"