ಬಕೆಟ್ಟಿಗೆ ಬಿದ್ದ ವೈರಿಂಗ್

ರಚನಾ ಮೊಣಕೈವರೆಗೂ ಬಕೆಟ್ಟಿನೊಳಗೆ ಕೈ ಇಳಿಸಿ ವೈರುಗಳ ಕಂತೆಯನ್ನು ಗಸಗಸ ತಿಕ್ಕುತ್ತಿದ್ದಳು. ಸೋಪಿನ ನೊರೆ ಮೂಗಿನ ತುದಿಗೂ ಹತ್ತಿತ್ತು. ನಾಳೆ ಆಯುಧಪೂಜೆ. ಪೂಜೆಗೆ ಇಡುವ ಯಾವ ಸಾಮಾನಿನ ಮೇಲೂ ಜಿಡ್ಡು ಇರಬಾರದೆಂದು ಅಮ್ಮಮ್ಮ ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದಳು. ಸ್ಪ್ಯಾನರುಗಳನ್ನು ತೊಳೆದಾಗಿತ್ತು, ಸೈಕಲ್ ತೊಳೆದಾಗಿತ್ತು. ಉಳಿದಿದ್ದು ಈ ವೈರಿಂಗ್ ಒಂದೇ.

ನೀರಿನ ಮೇಲೆ ಏನೋ ಬಿಳಿಯದು ತೇಲಿ ಬಂತು. ಇನ್ನೊಂದು ಬಂತು. ನೋಡನೋಡುತ್ತಾ ಬಕೆಟ್ಟಿನ ತುಂಬ ಬಿಳಿ ಟೇಪಿನ ಚೂರುಗಳು.

ರಚನಾ ಒಂದನ್ನು ಎತ್ತಿ ನೋಡಿದಳು. ಅದರ ಮೇಲೆ ಅಪ್ಪ ನೀಲಿ ಪೆನ್ನಿನಲ್ಲಿ ಬರೆದಿದ್ದ ಅಕ್ಷರಗಳು ಕರಗಿ ಹೋಗಿದ್ದವು. ಅವಳು ಗಬಕ್ಕನೆ ವೈರಿಂಗನ್ನು ನೀರಿನಿಂದ ಮೇಲೆತ್ತಿದಳು.

ಆ ಟೇಪುಗಳ ಕತೆ ಹೀಗೆ. ರಚನಾಳ ಅಪ್ಪ ಉಮಾಶಂಕರ ಚಿತ್ರದುರ್ಗದ ಕಡೆಯವನು. ವಿಶಾಖಪಟ್ಟಣದಲ್ಲಿ ನೇವಿ ಕೆಲಸ. ಅಮ್ಮ ವಿಜಯವಾಡದವಳು, ಅದೇ ಊರಿನ ಪಟಮಟದ ಒಂದು ಶಾಲೆಯಲ್ಲಿ ಟೀಚರ್. ಹಾಗಾಗಿ ರಚನಾ ಅಮ್ಮ, ಅಮ್ಮಮ್ಮನ ಜೊತೆ ಪಟಮಟದಲ್ಲಿ ಇರುತ್ತಾಳೆ. ಅಪ್ಪ ರಜೆ ಸಿಕ್ಕಾಗ ಬರುತ್ತಾನೆ.

ಈ ದಸರೆಗೆ ಬಂದವನು ಸುಮ್ಮನೆ ಕೂರಲಿಲ್ಲ. ಆಟೋನಗರದಲ್ಲಿ ಮೆಕ್ಯಾನಿಕ್ ಶೆಡ್ ಇಟ್ಟಿರುವ ಅಮ್ಮನ ತಮ್ಮ ಸೂರ್ಯಪ್ರಕಾಶ ಮಾವಯ್ಯನ ಜೊತೆ ಸೇರಿ ಕಾರು ಕಟ್ಟಲು ಹೊರಟ. ಕಿಟ್ ಕಾರು! ಅದರ ಚೌಕಟ್ಟು, ಬಾಡಿ, ಸೀಟು ಎಲ್ಲ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ಎಂಜಿನ್ ಮಾತ್ರ ಬರುವುದಿಲ್ಲ. ಅದನ್ನು ಇನ್ನೊಂದು ಹಳೆಯ ಕಾರಿನಿಂದ ಬಿಚ್ಚಿ ತರಬೇಕು, ಜೊತೆಗೆ ಅದರ ವೈರಿಂಗನ್ನೂ. ತುಕ್ಕು ಹಿಡಿದ ಕಾರೊಂದರಿಂದ ಬಿಚ್ಚಿದ ಎಂಜಿನ್ ಈಗ ಮನೆಯ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು. ವೈರಿಂಗಿಗೆ ನಲವತ್ತಮೂರು ಬಾಲಗಳು. ಒಂದೊಂದು ಬಾಲ ಎಲ್ಲಿಗೆ ಸೇರಬೇಕು ಎಂದು ಅಪ್ಪ ಟೇಪಿನ ಮೇಲೆ ಬರೆದು ಅಂಟಿಸಿದ್ದ.

"ನಾನು ಹೋಗೋದ್ರೊಳಗೆ ಎಂಜಿನ್ ಸ್ಟಾರ್ಟ್ ಮಾಡೋಣ. ಕೀ ತಿರುಗಿಸೋಳು ನೀನೇ" ಎಂದಿದ್ದ.

ಇವತ್ತು ಗುರುವಾರ. ಭಾನುವಾರ ಬೆಳಿಗ್ಗೆ ಅಪ್ಪನ ರೈಲು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಬ್ಯಾಟರಿ ತರಲು ಹೋಗಿದ್ದ ಅಪ್ಪ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಪುಟ್ಟ ಬೋಂಡಾದಂಥ ಬಿಸಿ ಪುನುಗುಲು ಪೊಟ್ಟಣ ಹಿಡಿದು ಬಂದ. "ಅಬ್ಬಬ್ಬಾ, ಊರಿಗೆ ಊರೇ ಅಮ್ಮನವರ ಬೆಟ್ಟಕ್ಕೆ ಹೊರಟಿದೆ ಕಣೇ. ರೋಡಲ್ಲಿ ಕಾಲಿಡೋಕೆ ಜಾಗ ಇಲ್ಲ" ಎಂದ.

ರಚನಾ ಟೇಪಿನ ಚೂರುಗಳನ್ನು ಮುಷ್ಟಿಯಲ್ಲಿ ಬಚ್ಚಿಟ್ಟಳು. ನಾಯಿ ಎಳೆದು ಹಾಕಿತು ಎಂದುಬಿಡಲೇ? ಆದರೆ ಮನೆಯಲ್ಲಿ ನಾಯಿಯೇ ಇರಲಿಲ್ಲ.

"ಅಪ್ಪಾ" ಎಂದಳು. ಮುಷ್ಟಿ ಬಿಚ್ಚಿದಳು. "ಪೂಜೆಗೆ ಅಂತ ತೊಳೆದೆ. ಎಲ್ಲಾ ಬಿಟ್ಕೊಂಡು ಬಂತು."

ಅಪ್ಪ ಬಕೆಟ್ ನೋಡಿದ. ವೈರಿಂಗ್ ನೋಡಿದ. ಬ್ಯಾಟರಿಯನ್ನು ಕೆಳಗಿಟ್ಟ.

"ಬೇರೆ ಎಲ್ಲಾದ್ರೂ ಬರ್ಕೊಂಡಿದ್ದೀಯಾ?" ಎಂದು ಕೇಳಿದಳು ರಚನಾ.

"ಇಲ್ಲ. ಇವತ್ತು ಸಂಜೆ ನೋಟ್‌ಬುಕ್ಕಿಗೆ ಇಳಿಸೋಣ ಅಂತಿದ್ದೆ."

"ಕಲರ್ ನೋಡಿ ಗೊತ್ತಾಗಲ್ವಾ?"

"ಆ ಕಾರಿನ ಓನರು ರಿಪೇರಿ ಮಾಡಿಸಿದಾಗೆಲ್ಲ ಕೆಂಪು ವೈರೇ ಹಾಕ್ಸಿದಾನೆ, ಪುಣ್ಯಾತ್ಮ." ಅಪ್ಪ ನಿಟ್ಟುಸಿರು ಬಿಟ್ಟು ಪೊಟ್ಟಣ ಮುಂದೆ ಚಾಚಿದ. "ಮೊದಲು ತಿನ್ನು. ಆಮೇಲೆ ಇದನ್ನ ಒಣಗಿ ಹಾಕೋಣ."

ವೈರಿಂಗು ಅಮ್ಮಮ್ಮನ ಸೀರೆಯ ಪಕ್ಕದಲ್ಲಿ ಹಗ್ಗದ ಮೇಲೆ ನೇತಾಡಿತು. ಮರುದಿನ ಎಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಪೂಜೆ ಮಾಡಿದರು. ಇಷ್ಟು ಚೊಕ್ಕವಾದ ವೈರುಗಳನ್ನು ಕಂಡು ಅಮ್ಮಮ್ಮನಿಗೆ ಬಹಳ ಖುಷಿಯಾಯಿತು. ರಚನಾ ಮಾತ್ರ ತಲೆ ಎತ್ತಲಿಲ್ಲ.

ಪೂಜೆ ಮುಗಿದ ಮೇಲೆ ಅಪ್ಪ ಹಳದಿ ಬಣ್ಣದ ಮೀಟರ್ ತಂದ. ಅದರಿಂದ ಹೊರಟ ಎರಡು ವೈರುಗಳ ತುದಿಗೆ ಕೆಂಪು, ಕಪ್ಪು ಎರಡು ಮುಳ್ಳು.

"ಒಂದೇ ವೈರಿನ ಎರಡು ತುದಿಗೂ ಮುಟ್ಟಿಸಿದ್ರೆ ಇದು ಕುಂಯ್ ಅನ್ನುತ್ತೆ. ಬೇರೆ ವೈರಾದ್ರೆ ಸುಮ್ಮನಿರುತ್ತೆ. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಚಿತ್ರ ಇದೆ ನೋಡು, ಯಾವ ಮನೆ ಯಾವುದಕ್ಕೆ ಅಂತ. ಅಲ್ಲೊಂದು ಮುಳ್ಳು ಇಡು. ಇನ್ನೊಂದರಲ್ಲಿ ಹುಡುಕು."

ರಚನಾ ಫ್ಯಾನಿನ ಚಿತ್ರವಿದ್ದ ಮನೆಗೆ ಒಂದು ಮುಳ್ಳು ಇಟ್ಟಳು. ಇನ್ನೊಂದನ್ನು ಬಾಲದಿಂದ ಬಾಲಕ್ಕೆ ದಾಟಿಸುತ್ತ ಹೋದಳು. ಇದಲ್ಲ. ಇದೂ ಅಲ್ಲ. ಹದಿನೇಳನೆಯದಕ್ಕೆ ಮುಟ್ಟಿಸಿದಾಗ—

ಕುಂಯ್!

"ಸಿಕ್ತು!" ರಚನಾ ಕೂತಲ್ಲೇ ಕುಪ್ಪಳಿಸಿದಳು. ಹೊಸ ಟೇಪು, ಈ ಸಲ ಅಳಿಸದ ಮಾರ್ಕರ್.

ಅಲ್ಲಿಂದ ಮುಂದೆ ಅವಳ ಪ್ರಶ್ನೆಗಳಿಗೆ ಬಿಡುವೇ ಇರಲಿಲ್ಲ.

"ಈ ವೈರ್ ಮಾತ್ರ ಯಾಕೆ ಇಷ್ಟು ದಪ್ಪ?"

"ಎಂಜಿನ್ ಎಬ್ಬಿಸೋ ಸೆಲ್ಫ್ ಮೋಟರಿಗೆ ಕರೆಂಟ್ ಜಾಸ್ತಿ ಬೇಕು. ಜಾಸ್ತಿ ನೀರು ಬರೋಕೆ ದಪ್ಪ ಪೈಪ್ ಬೇಕಲ್ವಾ, ಹಾಗೆ."

"ಅಪ್ಪಾ, ಇದು ಎರಡು ಕಡೆ ಕುಂಯ್ ಅಂತಿದೆ! ಮೀಟರ್ ಕೆಟ್ಟೋಯ್ತಾ?"

"ನನಗೇನು ಗೊತ್ತು? ನೀನೇ ಹೇಳು."

ರಚನಾ ಉಗುರು ಕಚ್ಚುತ್ತ ಯೋಚಿಸಿದಳು. "ಒಂದೇ ವೈರು ಎರಡಾಗಿ ಹೋಗಿದೆ. ಎಡಗಡೆ ಬ್ರೇಕ್ ಲೈಟು, ಬಲಗಡೆ ಬ್ರೇಕ್ ಲೈಟು!"

"ಭೇಷ್" ಎಂದ ಅಪ್ಪ. ಅಂಗಳದಲ್ಲಿ ಚಕ್ಕಂಬಕ್ಕಳ ಹಾಕಿ, ಗಲ್ಲಕ್ಕೆ ಕೈಕೊಟ್ಟು ಮಗಳನ್ನೇ ನೋಡುತ್ತಿದ್ದ. ಯಾವ ಬಾಲ ಎತ್ತಿ ತೋರಿಸಿದರೂ "ಅದೇನೋಪ್ಪ, ಹುಡುಕು ನೋಡೋಣ" ಎನ್ನುತ್ತಿದ್ದ.

ಶನಿವಾರ ಸಂಜೆಯಾದರೂ ಇನ್ನೂ ಏಳು ಬಾಲ ಉಳಿದಿದ್ದವು. ಅಮ್ಮ ಒಳಗೆ ಅಪ್ಪನ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ರಚನಾಳಿಗೆ ಅಳು ತಡೆಯಲಾಗಲಿಲ್ಲ.

"ನನ್ನಿಂದಲೇ ಆಗಿದ್ದು. ನೀನು ಸೌಂಡ್ ಕೇಳದೇ ಹೋಗ್ತಿದ್ದೀಯ."

"ಎಂಜಿನ್ ಎಲ್ಲಿಗೂ ಓಡಿಹೋಗಲ್ಲ, ಚಿನ್ನಾ. ಅದಕ್ಕಿನ್ನೂ ಚಕ್ರಾನೇ ಇಲ್ಲವಲ್ಲ."

ಅಳುತ್ತಲೇ ರಚನಾಳಿಗೆ ನಗು ಬಂತು. ಆದರೂ ಭಾನುವಾರ ಬೆಳಿಗ್ಗೆ ರೈಲು ಹೊರಟಾಗ ಅವಳು ಅದರ ಜೊತೆ ಪ್ಲಾಟ್‌ಫಾರ್ಮಿನ ತುದಿಯವರೆಗೂ ಓಡಿದಳು.

ಮಧ್ಯಾಹ್ನ ಮಾವಯ್ಯ ಬಂದ. ಅವನದು ಅಕ್ಕನ ಗಂಡನಿಂದ ಕಲಿತ ಕನ್ನಡ, ನಡುನಡುವೆ ತೆಲುಗು. "ಏಮ್ಮಾ ಇಂಜನೀರು, ಇಂಕಾ ಎಷ್ಟು ಇದೆ?"

"ಏಳು."

"ಅಷ್ಟೇನಾ? ತಾ ಇಲ್ಲಿ."

ರಚನಾ ಮೀಟರ್ ಎತ್ತಿ ಕೊಟ್ಟಳು. ಮಾವಯ್ಯ ಅದನ್ನು ಪಕ್ಕಕ್ಕೆ ಇಟ್ಟ. ಒಂದು ಬಾಲ ಎತ್ತಿ, ತುದಿಯ ಪ್ಲಾಸ್ಟಿಕ್ ಕಪ್ಲರನ್ನು ತಿರುಗಿಸಿ ನೋಡಿದ. "ಇದಿ ಹಾರ್ನು. ಬರಿ." ಇನ್ನೊಂದು ಎತ್ತಿದ. "ವೈಪರ್." ಮತ್ತೊಂದು. "ಪೆಟ್ರೋಲ್ ಟ್ಯಾಂಕ್." ನಾಲ್ಕನೆಯದನ್ನು ನೋಡಲೂ ಇಲ್ಲ, ಬೆರಳಲ್ಲಿ ಸವರಿಯೇ "ರಿವರ್ಸ್ ಲೈಟು" ಎಂದ.

ರಚನಾಳ ಮಾರ್ಕರ್ ಗಾಳಿಯಲ್ಲೇ ನಿಂತಿತು. "ಮೀಟರ್ ಇಲ್ಲದೇ ಹೇಗೆ ಗೊತ್ತಾಯ್ತು?"

"ಒಂದೊಂದು ಕಪ್ಲರ್ ಒಂದೊಂದು ಶೇಪು. ಎಷ್ಟು ಕಾರು ಬಿಚ್ಚಿದೀನಿ! ಎಲ್ಲಾ ಸೇರಿ ಅರ್ಧ ಗಂಟೆ ಕೆಲಸ."

"ಅಪ್ಪನಿಗೆ ಇದು ಗೊತ್ತಿಲ್ವಾ?"

ಮಾವಯ್ಯ ಜೋರಾಗಿ ನಕ್ಕ. "ಬಾವಗಾರಿಗಾ? ಹಡಗಿನ ವೈರಿಂಗ್ ಮಾಡೋ ಮನುಷ್ಯ ಅಮ್ಮಾ ಅವರು! ನನಗೆ ಹೇಳಿಕೊಟ್ಟಿದ್ದೇ ಅವರು."

ರಚನಾ ನಾಲ್ಕನೆಯ ಬಾಲಕ್ಕೂ ಬರೆದು ಟೇಪು ಅಂಟಿಸಿದಳು. ಅರ್ಧ ಗಂಟೆ. ಶುಕ್ರವಾರ ಪೂಜೆ ಮುಗಿದ ಮೇಲೆ ಅಪ್ಪ ಒಬ್ಬನೇ ಕೂತಿದ್ದರೆ ಊಟದ ಹೊತ್ತಿಗೆ ಎಂಜಿನ್ ಗುಡುಗುಡು ಎನ್ನುತ್ತಿತ್ತು. ಅವನಿಗೂ ಅದನ್ನು ಕೇಳುವ ಆಸೆ ಇತ್ತು. ಆದರೂ ಎರಡು ದಿನ ಗಲ್ಲಕ್ಕೆ ಕೈಕೊಟ್ಟು, ಏನೂ ತಿಳಿಯದವನ ಹಾಗೆ ಅವಳ ಪಕ್ಕದಲ್ಲಿ ಕೂತಿದ್ದ. ರಚನಾಳಿಗೆ ಅಪ್ಪನ ಮೇಲೆ ಒಂದಿಷ್ಟು ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ, ಈಗಲೇ ರೈಲು ಹತ್ತಿ ಅವನ ಹತ್ತಿರ ಹೋಗಬೇಕು ಎನಿಸಿತು.

ಮಾವಯ್ಯ ಐದನೆಯ ಬಾಲಕ್ಕೆ ಕೈ ಹಾಕಿದ. ರಚನಾ ಮೆಲ್ಲನೆ ಅದನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಈ ಮೂರು ಇರಲಿ, ಮಾವಯ್ಯಾ. ಸಂಕ್ರಾಂತಿಗೆ ಅಪ್ಪ ಬರ್ತಾನಲ್ಲ."

"ಅಯ್ಯೋ, ಐದು ನಿಮಿಷದಲ್ಲಿ ಆಗುತ್ತೆ. ಎಂಜಿನ್ ಸೌಂಡ್ ಕೇಳಬೇಕು ಅಂತ ಅಷ್ಟು ಆಸೆ ಇತ್ತಲ್ಲಾ ನಿಂಗೆ?"

"ಈಗಲೂ ಇದೆ" ಎಂದಳು ರಚನಾ. ವೈರಿಂಗನ್ನು ಜೋಪಾನವಾಗಿ ಸುತ್ತಿ, ಟೇಪಿಲ್ಲದ ಆ ಮೂರು ಬಾಲಗಳು ಮೇಲೆ ಕಾಣುವ ಹಾಗೆ ಪೆಟ್ಟಿಗೆಯೊಳಗೆ ಇಟ್ಟಳು.