ಲಾರ್ಚ್ ತೋಪಿನ ತಂತಿ

ಬೆರ್ತ್ ವಿಯಾಲ್ ಬಂದಾಗ ನಾವು ಊಟಕ್ಕೆ ಕೂತಿದ್ದೆವು. ಸೋಮವಾರ ನನ್ನ ಔಷಧಿ ಅಂಗಡಿಗೆ ರಜೆ. ಆ ದಿನ ಮಧ್ಯಾಹ್ನ ಆನೊರೀನ್ ಶಸ್ತೆಲ್ ಅವರ ಮನೆಯಲ್ಲಿ ಉಣ್ಣುವುದು ನನ್ನ ರೂಢಿ. ನ್ಯಾಯಾಧೀಶೆಯಾಗಿ ನಿವೃತ್ತರಾಗಿ ನಮ್ಮ ಬೆಟ್ಟದೂರಿಗೆ ಬಂದ ಮೇಲೂ ಆಕೆಗೆ ವಿಚಾರಣೆಯ ಚಟ ಬಿಟ್ಟಿರಲಿಲ್ಲ. ಆಕೆ ಊರಿನವರ ಗುಟ್ಟು ಬಿಡಿಸುವಾಗ ಜೊತೆಗಿದ್ದು, ಕೊನೆಗೆ ಮನುಷ್ಯರ ಮೇಲೆ ಹೇಸಿಗೆಪಟ್ಟುಕೊಂಡು ಮನೆಗೆ ಹೋಗುವುದು ನನ್ನ ಪಾಲಿನ ಕೆಲಸ.

"ಕೂತ್ಕೊಳ್ಳಮ್ಮ, ಸಾರು ಇನ್ನೂ ಬಿಸಿ ಇದೆ," ಎಂದರು ಆನೊರೀನ್.

"ಅಣಬೇದಾ? ಬೇಡ ಮೇಡಂ. ನಮ್ಮಪ್ಪ ಹೋಗಿದ್ದೇ ಅದನ್ನ ತಿಂದು. ನನ್ನ ತಮ್ಮ ಗ್ಯಾಸ್ಪಾರಂತೂ ಇವತ್ತಿಗೂ ಅಣಬೆ ಕಂಡ್ರೆ ದೂರದಿಂದ್ಲೇ ಸುತ್ತು ಹಾಕ್ಕೊಂಡು ಹೋಗ್ತಾನೆ." ಇಷ್ಟು ಹೇಳಿ ಆಕೆ ಸೆರಗಿನಂಥ ತನ್ನ ಅಗಲ ಏಪ್ರನ್ನಿನಲ್ಲಿ ಮುಖ ಒತ್ತಿಕೊಂಡಳು. "ಅವನನ್ನೇ ಪೊಲೀಸ್ರು ಕರ್ಕೊಂಡು ಹೋದ್ರು. ಅವನನ್ನ ಜೈಲಿಗೆ ಹಾಕಿದ್ರೆ ಹಸುಗಳನ್ನ ಮಾರಿ ನಾನೂ ಊರು ಬಿಡ್ಬೇಕು. ಅವನು ಮಾಡಿಲ್ಲ ಮೇಡಂ."

ಯಾವ ವಿಷಯವೆಂದು ಕೇಳುವ ಅಗತ್ಯವಿರಲಿಲ್ಲ. ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ನಮ್ಮ ಸೈಕಲ್ ಸಂಘದ ಹುಡುಗಿ ಮಾಯೆಲ್ ಬೆಟ್ಟದ ಹೊಸ ಹಾದಿಯನ್ನು ಪರೀಕ್ಷಿಸಲು ಮೌಂಟನ್ ಬೈಕಿನಲ್ಲಿ ಕೆಳಗಿಳಿದಿದ್ದಳು. ಲಾರ್ಚ್ ತೋಪಿನ ತಿರುವಿನಲ್ಲಿ ಯಾರೋ ಎರಡು ಮರಗಳ ನಡುವೆ ತಂತಿ ಬಿಗಿದಿದ್ದರು, ಸರಿಯಾಗಿ ಕುತ್ತಿಗೆಯ ಎತ್ತರಕ್ಕೆ. ಇಳಿಜಾರೆಂದು ಆಕೆ ಪೆಡಲ್ ಮೇಲೆ ಎದ್ದು ನಿಂತಿದ್ದಳು, ಹಾಗಾಗಿ ತಂತಿ ಗಂಟಲಿನ ಬುಡಕ್ಕೆ ಬಡಿದು ಜೀವ ಉಳಿಯಿತು. ದನಿ ಮರಳುತ್ತದೆಯೇ ಎಂಬುದನ್ನು ಮಾತ್ರ ಡಾಕ್ಟರು ಹೇಳುತ್ತಿರಲಿಲ್ಲ. ಹಕ್ಕಿಗೆ ಉರುಳು ಹಾಕುವವನನ್ನೂ ಸಹಿಸುವವನಲ್ಲ ನಾನು.

ತಂತಿ ಗ್ಯಾಸ್ಪಾರನ ಹಸುಗಳ ಬೇಲಿಯದು. ಸೈಕಲ್ಲಿನವರು ಗೇಟು ತೆರೆದಿಟ್ಟು ಹಸುಗಳು ರಸ್ತೆಗೆ ಬಂದಾಗ, "ಮತ್ತೆ ಬಂದ್ರೆ ಕತ್ತು ಮುರೀತೀನಿ" ಎಂದು ಅವನು ಕೆಫೆಯ ಮುಂದೆ ಕೂಗಾಡಿದ್ದನ್ನು ಇಡೀ ಊರು ಕೇಳಿತ್ತು.

"ತಂತಿ ಸುರುಳಿ ಎಲ್ಲಿಡ್ತಾನೆ?" ಆನೊರೀನ್ ಕೇಳಿದರು.

"ಗೇಟಿನ ಕಂಬಕ್ಕೇ ನೇತು ಹಾಕಿರ್ತಾನೆ. ಹೋಗೋರು ಬರೋರಿಗೆಲ್ಲ ಕೈಗೆ ಸಿಗತ್ತೆ."

ಆನೊರೀನ್ ಚಮಚ ಕೆಳಗಿಟ್ಟರು. "ಔಷಧಿಯವರೇ, ಬೂಟು ಹಾಕ್ಕೊಳ್ಳಿ. ಸಾರು ಎಲ್ಲೂ ಓಡಿಹೋಗಲ್ಲ."

ನಮ್ಮ ಸೀಮೆಯಲ್ಲಿ ಲಾರ್ಚ್ ಇರುವುದು ಆ ಒಂದು ಇಳುಕಲಿನಲ್ಲಿ ಮಾತ್ರ. ಯಾವುದೋ ಕಾಲದಲ್ಲಿ ಅರಣ್ಯದವರು ನೆಟ್ಟದ್ದು. ಶರತ್ಕಾಲಕ್ಕೆ ಮರಗಳು ಹಳದಿಗೆ ತಿರುಗಿ, ಮೆತ್ತನೆಯ ಸೂಜಿಎಲೆ ಉದುರಿಸಲು ಶುರುಮಾಡಿದ್ದವು. ಪೊಲೀಸರು ತಂತಿ ಬಿಚ್ಚಿಕೊಂಡು ಹೋಗಿದ್ದರು. ತೊಗಟೆಯ ಮೇಲೆ ಅದು ಕೊರೆದ ಗೆರೆ ಉಳಿದಿತ್ತು.

ಆನೊರೀನ್ ಮರ ನೋಡಲಿಲ್ಲ, ಬುಡ ನೋಡಿದರು. ಸುತ್ತಲೆಲ್ಲ ಸೂಜಿಎಲೆ ಅಡ್ಡಾದಿಡ್ಡಿ ಬಿದ್ದಿದ್ದರೆ ಒಂದು ಕಡೆ ಮಾತ್ರ ತಲೆ ಬಾಚಿದಂತೆ ನೀಟಾಗಿತ್ತು. ಆಕೆ ಮೊಣಕಾಲೂರಿ ಅದನ್ನು ಬೆರಳಿನಿಂದ ಸರಿಸಿದರು. ಕೆಳಗೆ, ನಮ್ಮೂರಿನವರು ರುಚಿಗೆ ಜೀವ ಬಿಡುವ ದಪ್ಪ ಸೆಪ್ ಅಣಬೆಗಳನ್ನು ಕೊಯ್ದ ಬೆಳ್ಳನೆಯ ಬುಡಗಳಿದ್ದವು.

"ಇದರಲ್ಲೇನಿದೆ ವಿಶೇಷ?" ಎಂದೆ. "ಅಣಬೆ ಕಿತ್ತ ಜಾಗ ಬೇರೆಯವರಿಗೆ ತಿಳೀಬಾರದು ಅಂತ ಎಲ್ಲರೂ ಮುಚ್ಚಿಯೇ ಹೋಗ್ತಾರೆ. ನಾನೂ ಮುಚ್ತೀನಿ."

"ಮುಚ್ಚಿ, ಯಾರು ಬೇಡ ಅಂದ್ರು? ಆದ್ರೆ ಇದನ್ನ ನೋಡಿ."

ಒಂದು ಅಣಬೆ ಬುಡದ ಕೊಯ್ದ ಬಿಳಿ ಮುಖದ ಮೇಲೆ ಉಗುರಿನಷ್ಟುದ್ದದ ತಂತಿ ಚೂರು ಬಿದ್ದಿತ್ತು. ಬಿಗಿದ ಮೇಲೆ ಉಳಿದ ತುದಿಯನ್ನು ಕತ್ತರಿಸಿದಾಗ ಸಿಡಿದದ್ದು. ಆನೊರೀನ್ ಅದನ್ನು ಇದ್ದಲ್ಲೇ ಬಿಟ್ಟು ಪೊಲೀಸ್ ಅಧಿಕಾರಿ ದೆಲ್ಮಾನನ್ನು ಕರೆಸಿದರು. ಆತ ಗೊಣಗುತ್ತಲೇ ಬಂದು ಫೋಟೊ ತೆಗೆದುಕೊಂಡ.

ಸಂಜೆ ಮಾಯೆಲ್‌ಳ ತಾಯಿ ಕ್ಲಾರಿಸ್‌ಳನ್ನು ನೋಡಲು ಹೋದೆವು. ಆಸ್ಪತ್ರೆಗೆ ಬಟ್ಟೆ ಒಯ್ಯಲು ಬಂದಿದ್ದ ಆಕೆ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ಪಕ್ಕದಲ್ಲಿ ತೆಸ್ಸಿಯೆ ಮೇಷ್ಟ್ರಿದ್ದರು. ಊರಿನ ಶಾಲೆಯ ಹೆಡ್‌ಮಾಸ್ಟರಾಗಿದ್ದು, ಈಗ ಸೈಕಲ್ ಸಂಘದ ಅಧ್ಯಕ್ಷರು. ಮಾಯೆಲ್‌ಗೆ ಅಕ್ಷರ ಕಲಿಸಿದವರು. ಮುಚ್ಚಿದ ಬಾಣಲೆಯಲ್ಲಿ ಆಮ್ಲೆಟ್ ತಂದಿದ್ದರು.

"ಎರಡು ತುತ್ತಾದ್ರೂ ತಿನ್ನಮ್ಮ. ನಿನ್ನೆ ಬೆಳಿಗ್ಗೆ ಕಿತ್ತ ಸೆಪ್. ನನಗೆ ಈ ವರ್ಷ ಸಿಕ್ಕ ಮೊದಲ ಅಣಬೆ," ಎನ್ನುತ್ತ ನಮಗೂ ಒಂದೊಂದು ತುಂಡು ಬಡಿಸಿದರು. "ಗಿರಣಿ ಕೆಳಗಿನ ಚೆಸ್ಟ್‌ನಟ್ ತೋಪಿಂದು."

ರುಚಿಯಾಗಿತ್ತು. ಅದನ್ನು ಬರೆಯಲು ಈಗಲೂ ಮೈ ಮುದುಡುತ್ತದೆ. ಹಲ್ಲಿಗೆ ಏನೋ ಸಿಕ್ಕಂತಾಗಿ ತೆಗೆದು ನೋಡಿದೆ: ಕೂದಲಿನಂಥ ಹಳದಿ ಸೂಜಿಎಲೆ. ತಟ್ಟೆಯಂಚಿಗೆ ಒರೆಸಿಬಿಡುವುದರಲ್ಲಿದ್ದೆ, ಆನೊರೀನ್ ಮೇಜಿನ ಕೆಳಗೆ ನನ್ನ ಕಾಲು ತುಳಿದು ಅದನ್ನು ತಮ್ಮ ಕರವಸ್ತ್ರಕ್ಕೆ ಹಾಕಿಕೊಂಡರು.

"ಹೊಸ ಹಾದಿ ಆ ತೋಪಿನಲ್ಲೇ ಹೋಗ್ಬೇಕು ಅಂತ ಯಾರು ಹೇಳಿದ್ದು ಮೇಷ್ಟ್ರೆ?" ಎಂದು ಕೇಳಿದರು.

"ಹುಡುಗ್ರು. ಸಭೇಲಿ ಎಲ್ಲರೂ ಕೈಯೆತ್ತಿದ್ರು. ನಾನೂ ಎತ್ತಿದೆ. ಬೇಡ ಅನ್ನೋಕೆ ನನಗೇನು ಕಾರಣ ಇತ್ತು?"

ಮಾಯೆಲ್ ಮನೆಗೆ ಬಂದ ದಿನ ಆನೊರೀನ್ ಎಲ್ಲರನ್ನೂ ಅದೇ ಅಡುಗೆಮನೆಯಲ್ಲಿ ಸೇರಿಸಿದರು. ಹುಡುಗಿಯ ಗಂಟಲಿಗೆ ಪಟ್ಟಿ ಕಟ್ಟಿತ್ತು. ಮಾತಾಡಬಾರದೆಂದು ಡಾಕ್ಟರು ಹೇಳಿದ್ದರು. ದೆಲ್ಮಾ ಗ್ಯಾಸ್ಪಾರನನ್ನು ಕರೆತಂದಿದ್ದ. ಬೆರ್ತ್ ತಮ್ಮನ ತೋಳು ಬಿಡದೆ ನಿಂತಿದ್ದಳು. ಮೇಷ್ಟ್ರು ಹುಡುಗಿಗೆಂದು ಹೂ ತಂದಿದ್ದರು.

"ಮೊದಲು ಅಣಬೆ ಕೊಯ್ದರು," ಆನೊರೀನ್ ಶುರುಮಾಡಿದರು. "ಆಮೇಲೆ ತಂತಿ ಕಟ್ಟಿ ತುದಿ ಕತ್ತರಿಸಿದರು. ಚೂರು ಕೊಯ್ದ ಮುಖದ ಮೇಲೇ ಬಿದ್ದಿತ್ತು, ಅಂದ್ರೆ ಆಗಲೇ ಅಣಬೆ ಕೊಯ್ದಾಗಿತ್ತು. ಚೂರಿನ ಮೇಲೆ ಸೂಜಿಎಲೆ ಬಾಚಿತ್ತು, ಅಂದ್ರೆ ಮುಚ್ಚಿದ್ದು ತಂತಿ ಕಟ್ಟಿದ ಮೇಲೆ. ಬೇರೆಯವರು ಕಿತ್ತಿದ್ರೆ ಆಗಲೇ ಮುಚ್ಚಿ ಹೋಗಿರ್ತಿದ್ರು, ಚೂರು ಎಲೆಯ ಮೇಲೆ ಇರ್ತಿತ್ತು. ಹಾಗಾಗಿ ಕೊಯ್ದವನು, ಕಟ್ಟಿದವನು, ಮುಚ್ಚಿದವನು ಒಬ್ಬನೇ. ಗ್ಯಾಸ್ಪಾರ್, ನೀನು ಅಣಬೆ ಕೊಯ್ತೀಯಾ?"

"ಥೂ," ಎಂದ ಗ್ಯಾಸ್ಪಾರ್. ಅಷ್ಟೇ ಸಾಕಾಗಿತ್ತು.

ಆನೊರೀನ್ ಕರವಸ್ತ್ರ ಬಿಚ್ಚಿದರು. "ಇದು ಮೇಷ್ಟ್ರ ಆಮ್ಲೆಟ್ಟಿನಲ್ಲಿ ಸಿಕ್ಕಿದ್ದು. ಲಾರ್ಚ್. ಗಿರಣಿ ಹತ್ರ ಲಾರ್ಚ್ ಇಲ್ಲ."

ಮೇಷ್ಟ್ರು ನಕ್ಕರು. "ಮೇಡಂ, ಅಣಬೆ ಜಾಗದ ವಿಷಯದಲ್ಲಿ ನಿಜ ಹೇಳೋರು ಈ ಊರಲ್ಲಿ ಯಾರಿದ್ದಾರೆ? ಅದಕ್ಕೆ ಜೈಲಾದ್ರೆ ಪಾದ್ರಿಗಳೂ ಹೊರಗಿರಲ್ಲ."

"ನಿಜ. ಬರೀ ಸುಳ್ಳಾಗಿದ್ರೆ ನಾನೂ ನಗ್ತಿದ್ದೆ. ಆದ್ರೆ ಭಾನುವಾರ ಬೆಳಿಗ್ಗೆ ಲಾರ್ಚ್ ಕೆಳಗೆ ಸೆಪ್ ಕೊಯ್ದವರು ನೀವು. ಹಾದಿ ಅಲ್ಲಿ ಬೇಡ ಅಂತ ಸಭೇಲಿ ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರು. ಯಾಕೆ ಅಂತ ಹೇಳಿದ್ರೆ ಜಾಗ ಗೊತ್ತಾಗ್ತಿತ್ತು. ಅದಕ್ಕೆ ಕೈಯೆತ್ತಿದ್ರಿ, ಆಮೇಲೆ ತಂತಿ ಕಟ್ಟಿದ್ರಿ."

"ಊಹೆ," ಎಂದರು ಮೇಷ್ಟ್ರು. ಹುಡುಗಿಯ ಪಟ್ಟಿ ಕಟ್ಟಿದ ಗಂಟಲಿನ ಎದುರಿಗೇ ಕೂತಿದ್ದರೂ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಆಗ ಆನೊರೀನ್ ಚೀಲದಿಂದ ಬೆಟ್ಟದ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ಲಾರ್ಚ್ ತೋಪಿನಲ್ಲಿ ಕೆಂಪು ಪೆನ್ನಿನಿಂದ ಒಂದು ಸುತ್ತು ಹಾಕಿತ್ತು. "ಊಹೆಯಾದ್ರೆ ಇದನ್ನ ಕೆಫೆ ಗೋಡೆಗೆ ಅಂಟಿಸ್ತೀನಿ. ಮೂರು ಮರ, ಬಲಗಡೆ ಇಳುಕಲು, ಬಂಡೆಯ ಹಿಂದೆ..."

"ಮುಚ್ಚಿ ಅದನ್ನ," ಮೇಷ್ಟ್ರು ಎದ್ದು ನಿಂತರು. ನಕ್ಷೆಯ ಮೇಲೆ ಎರಡೂ ಕೈ ಊರಿದರು. "ನನ್ನ ಹೆಂಡತಿಗೇ ತೋರಿಸಿರ್ಲಿಲ್ಲ ಆ ಜಾಗ. ನಮ್ಮಪ್ಪ ಸಾಯೋವಾಗ ಕಿವೀಲಿ ಹೇಳಿದ್ದು. ಈ ಮಕ್ಕಳು ಚಕ್ರ ಹರಿಸಿ ಎಲ್ಲಾ ಕಲಸಿಬಿಡ್ತಿದ್ರು. ಹೆದರಿಸೋಣ ಅಂತಷ್ಟೇ ಕಟ್ಟಿದ್ದು. ತಂತಿ ಕಂಡು ಇಳೀತಾರೆ ಅಂದ್ಕೊಂಡೆ."

"ಕುತ್ತಿಗೆ ಎತ್ತರಕ್ಕಾ?" ಎಂದಳು ಕ್ಲಾರಿಸ್. ಆಕೆ ಏಳಲೂ ಇಲ್ಲ. "ಆ ಅಣಬೇನ ನನಗೆ ತಿನ್ನಿಸಿದ್ರಲ್ಲ ಮೇಷ್ಟ್ರೆ. ನನ್ನ ಮಗಳು ಬಿದ್ದ ಜಾಗದ್ದನ್ನ."

ಮೇಷ್ಟ್ರು ಕಣ್ಣೆತ್ತಲಿಲ್ಲ. "ಹಾಳಾಗಬಾರದು ಅಂತ," ಎಂದು ಗೊಣಗಿದರು.

ಮನುಷ್ಯ ಸಿಟ್ಟಿನಲ್ಲಿ ಕೊಲ್ಲುವುದು ನನಗೆ ಅರ್ಥವಾಗುತ್ತದೆ. ಮರದ ಬುಡದ ಅಣಬೆಯನ್ನು ನೀಟಾಗಿ ಕೊಯ್ದು, ಮಗುವಿನ ಕತ್ತಿನ ಎತ್ತರಕ್ಕೆ ತಂತಿ ಬಿಗಿದು, ಆಮೇಲೆ ಆ ಅಣಬೆಯನ್ನು ಬೆಣ್ಣೆಯಲ್ಲಿ ಹುರಿದು ಆ ಮಗುವಿನ ತಾಯಿಗೆ ಬಡಿಸುವವನನ್ನು ಏನೆಂದು ಕರೆಯಬೇಕೋ ತಿಳಿಯದು.

ಮಾಯೆಲ್ ತಾಯಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು. ಬೇಡವೆಂದರೂ ಕೇಳದೆ ಬಾಯಿ ತೆರೆದಳು. ಒರಟಾಗಿ, ಹರಿದಂತೆ, ಆದರೂ ದನಿ ಬಂತು.

"ಒಂದು ಮಾತು ಹೇಳಿದ್ರೆ ಸಾಕಿತ್ತು ಮೇಷ್ಟ್ರೆ. ಹಾದೀನ ಬಂಡೆ ಆಚೆ ತಿರುಗಿಸ್ತಿದ್ವಿ. ಯಾಕೆ ಅಂತಾನೂ ಕೇಳ್ತಿರ್ಲಿಲ್ಲ."

ದೆಲ್ಮಾ ಮೇಷ್ಟ್ರನ್ನು ಕರೆದುಕೊಂಡು ಹೋದ. ಬೆರ್ತ್ ತಮ್ಮನೊಂದಿಗೆ ಹಸುಗಳ ಹಾಲು ಕರೆಯಲು ಓಡಿದಳು. ಬಾಗಿಲಿಗೆ ಸೇರಿದ್ದ ಅಕ್ಕಪಕ್ಕದವರೆಲ್ಲ ಛೀ ಥೂ ಎನ್ನುತ್ತಿದ್ದರು. ಕ್ಲಾರಿಸ್‌ಳ ಭುಜ ಸವರುತ್ತ, ಮೇಜಿನ ಮೇಲೆ ಉಳಿದಿದ್ದ ನಕ್ಷೆಯ ಕಡೆ ಒಮ್ಮೊಮ್ಮೆ ಕತ್ತು ಉದ್ದ ಮಾಡುತ್ತಿದ್ದರು. ಆನೊರೀನ್ ಅದನ್ನು ಮಡಚಿದರು, ಆದರೆ ತಡವಾಗಿತ್ತು.

ಮರುದಿನ ಬೆಳಿಗ್ಗೆ ಔಷಧಿ ಅಂಗಡಿ ತೆರೆಯುವಷ್ಟರಲ್ಲಿ ಬುಟ್ಟಿ ಹಿಡಿದವರ ಸಾಲು ನಿಂತಿತ್ತು. ಕಿತ್ತ ಅಣಬೆ ವಿಷದ್ದೋ ಒಳ್ಳೆಯದೋ ಎಂದು ನೋಡಿಕೊಡುವುದು ನಮ್ಮ ಕಡೆ ಔಷಧಿಯವನ ಕೆಲಸ. ಮೊದಲ ಬುಟ್ಟಿ ಬಟ್ಟೆಯಂಗಡಿಯಾಕೆಯದು. ತುಂಬ ದಪ್ಪ ಸೆಪ್‌ಗಳು, ಟೋಪಿಗಳ ಮೇಲೆಲ್ಲ ಕೂದಲಿನಂಥ ಹಳದಿ ಸೂಜಿಎಲೆ ಅಂಟಿತ್ತು.

"ಎಲ್ಲಿಂದ ತಂದ್ರಿ?" ಎಂದು ಕೇಳಿದೆ.

"ಗಿರಣಿ ಕೆಳಗಿನ ಚೆಸ್ಟ್‌ನಟ್ ತೋಪಿಂದ," ಎಂದಳು ಆಕೆ, ನನ್ನ ಕಣ್ಣಲ್ಲಿ ಕಣ್ಣಿಟ್ಟು.

ಹಿಂದೆ ನಿಂತವರು ತಮ್ಮ ಬುಟ್ಟಿಗಳ ಮೇಲೆ ಮೆಲ್ಲಗೆ ಬಟ್ಟೆ ಎಳೆದುಕೊಂಡರು.