ಒಡೆದ ಬಟ್ಟಲುಗಳ ಗೋಡೆ

"ನಿಂದರ್ರಿ... ಏ, ನಿಂದರ್ರಿ ಅಂದ್ರ!"

ನ್ಯೂಯಾರ್ಕಿನ ಬೆಲ್‌ರೋಸ್‌ನ ಹಿಲ್‌ಸೈಡ್ ಅವೆನ್ಯೂವಿನಲ್ಲಿ, ಸೀರೆ ಅಂಗಡಿಯ ಮುಂದಿದ್ದವರೆಲ್ಲ ತಿರುಗಿ ನೋಡುವಂತೆ ಕೂಗುತ್ತ ರಂಜನಿ ಓಡುತ್ತಿದ್ದಳು. ಅವಳು ಬೆನ್ನು ಹತ್ತಿದ್ದು ಕಸದ ಲಾರಿಯನ್ನು.

ಸಿಗ್ನಲ್ ಹಸಿರಾಯಿತು. ಲಾರಿ ಹೊಟ್ಟೆಯೊಳಗೆ ಪಿಂಗಾಣಿಯ ಗಲಗಲ ಸದ್ದು ಮಾಡುತ್ತ ತಿರುವಿನಲ್ಲಿ ಮರೆಯಾಯಿತು.

ಆ ಗಲಗಲದಲ್ಲಿ, ಚೂರು ಚೂರು ಆರಿಸಿ ಕೂಡಿಟ್ಟ ಅವಳ ಇಡೀ ಚಳಿಗಾಲವಿತ್ತು.

ಏದುಸಿರು ಬಿಡುತ್ತ ಹಿಂತಿರುಗಿದರೆ, ಬೋರಲಿಂಗಯ್ಯನವರ ಹೊಸ ಹೋಟೆಲಿನ ಬಾಗಿಲಲ್ಲಿ ಎತ್ತರದ ಯುವಕನೊಬ್ಬ ಕೈಯ ಧೂಳು ಕೊಡವಿಕೊಳ್ಳುತ್ತ, ಒಳ್ಳೆಯ ಕೆಲಸ ಮಾಡಿ ಮುಗಿಸಿದವನ ನಗೆ ಬೀರುತ್ತ ನಿಂತಿದ್ದ.

"ನಿಮ್ಮದೇನಾದ್ರೂ ಲಾರೀಲಿ ಹೋಯ್ತಾ?"

"ಆ ಡಬ್ಬಿಗಳನ್ನ ಹಾಕಿದವರು ಯಾರ್ರಿ?"

"ನಾನೇ. ಎಲ್ಲಾನೂ. ಸೊಂಟ ಹಿಡ್ಕೊಂಡಿದೆ."

"ಮ್ಯಾಲೆ ದೊಡ್ಡದಾಗಿ ಬರೆದಿದ್ದೆ. ಓದಲಿಲ್ಲೇನ್ರಿ?"

"ಓದಿಯೇ ಹಾಕಿದ್ದು. ಕಸ ಬಟ್ಟಲು ಅಂತಿತ್ತು. ಒಳಗೆ ನೋಡಿದ್ರೆ ಒಡೆದ ಬಟ್ಟಲೇ. ಕಸಕ್ಕೂ ಇಷ್ಟು ನೀಟಾಗಿ ಹೆಸರು ಬರೆದಿಡೋರು ಯಾರಪ್ಪಾ ಅಂತ ಆಶ್ಚರ್ಯ ಆಯ್ತು."

ರಂಜನಿ ಹಣೆ ಚಚ್ಚಿಕೊಂಡಳು. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು 'ಕಾಸಾ ಬಾಟ್ಯೊ' (Casa Batllo) ಎಂದು. ಸ್ಪೇನಿನ ಬಾರ್ಸಿಲೋನಾದಲ್ಲಿರುವ ಮನೆಯ ಹೆಸರದು. ಆದರೆ ಇ-ಮೇಲ್‌ನಲ್ಲಿ ಕನ್ನಡವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರೆದು ಓದಿ ರೂಢಿಯಾದವನು ಆ ಸ್ಪೆಲಿಂಗ್ ನೋಡಿದರೆ...? ಕಸ ಬಟ್ಲೊ!

ಆತ ತನ್ನ ಪರಿಚಯ ಹೇಳಿಕೊಂಡ: ಹೆಸರು ಕುಶಾಲ್, ಬೋರಲಿಂಗಯ್ಯನವರ ಅಕ್ಕನ ಮಗ. ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ ಕೆಲಸ. ಎರಡು ಸಾವಿರ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳು ತಲೆ ತಿರುಗಿ ಬೀಳದಂತೆ ಅವುಗಳ ತಪ್ಪು ಹುಡುಕುತ್ತಿದ್ದ. ಮಾವನಿಗೆ ನೆರವಾಗಲೆಂದು ರಜೆ ಹಾಕಿ ಬಂದಿದ್ದ.

"ಮಂದಿ ತಪ್ಪು ಹುಡುಕೂದು ಬಿಟ್ಟು ಮೊದಲ ನಿಮ್ಮದು ನೋಡ್ಕೋರಿ" ಎಂದು ರಂಜನಿ ಸರ್ರನೆ ಒಳಗೆ ನಡೆದಳು.

ಧಾರವಾಡದ ರಂಜನಿ ಆರ್ಕಿಟೆಕ್ಟ್. ಮ್ಯಾನ್‌ಹಟನ್ನಿನ ಆಫೀಸಿನಲ್ಲಿ ಅವಳ ಪಾಲಿಗೆ ಬಂದಿದ್ದು ಮಾಲ್‌ಗಳ ಶೌಚಾಲಯದ ನಕ್ಷೆ. ಕಾಲೇಜಿನ ಪುಸ್ತಕದಲ್ಲಿ ಕಂಡ ಆ ಸ್ಪೇನಿನ ಮನೆಯೋ... ಮೂಳೆಯಂಥ ಕಂಬ, ಮುಖವಾಡದಂಥ ಬಾಲ್ಕನಿ, ಮೀನಿನ ಹುರುಪೆಯಂಥ ಮಾಡು, ಮೈತುಂಬ ಒಡೆದ ಗಾಜು, ಪಿಂಗಾಣಿಯ ಬಣ್ಣ. ತಾನು ಕಲ್ಪಿಸಿದ ಒಂದು ಗೋಡೆಯಾದರೂ ಹಾಗೆ ಈ ಭೂಮಿಯ ಮೇಲೆ ನಿಲ್ಲಬೇಕು ಎಂಬುದೊಂದೇ ಆಸೆ ಅವಳಿಗೆ. ಬೋರಲಿಂಗಯ್ಯನವರನ್ನು ಕಾಡಿ ಬೇಡಿ, ಹೋಟೆಲಿನ ಊಟದ ಕೋಣೆಯಲ್ಲಿ ಅಲೆಯಂತೆ ಬಳುಕುವ ಗೋಡೆ ಎಬ್ಬಿಸಿದ್ದಳು. ಇನ್ನು ಅದಕ್ಕೆ ಚೂರುಗಳ ಮೈ ಬರಬೇಕಿತ್ತು.

"ನಾನು ಕೇಳಿದ್ದು ಮೈಸೂರು ಅರಮನೆ ಕಮಾನು ಕಣಮ್ಮ. ನೀನು ನನ್ನ ಗೋಡೆಗೆ ಚಳಿಜ್ವರ ಬರಿಸಿದೀಯ" ಎಂದರು ಬೋರಲಿಂಗಯ್ಯ. "ಭಾನುವಾರ ಓಪನಿಂಗ್. ಶನಿವಾರ ಸಂಜೆಯೊಳಗೆ ಮುಗೀಲಿಲ್ಲ ಅಂದ್ರೆ ಕೆಡವಿಸಿ, ಹಳೇ ಗೋಡೆಗೆ ವಾಲ್‌ಪೇಪರ್ ಅಂಟಿಸ್ತೀನಿ. ರೋಲ್ ಆಗಲೇ ತಂದಿಟ್ಟಿದೀನಿ."

ರಂಜನಿ ಅಂಗಡಿ ಅಂಗಡಿ ಅಲೆದಳು. ಸಿಕ್ಕಿದ್ದು ಒಂದು ಚೀಲದಷ್ಟು ಚೂರು. ಕುಶಾಲ್ ಎರಡು ಸಲ ಕ್ಷಮೆ ಕೇಳಲು ಬಂದ. ಅವಳು ಎರಡು ಸಲವೂ ಗೋಡೆಯ ಕಡೆ ತಿರುಗಿ ನಿಂತಳು. ಆದರೂ ಅವನ ಮುಖ ಬಾಡಿದ್ದು ಕಂಡು ಒಳಗೊಳಗೇ ಏನೋ ಚುಚ್ಚಿತು. ಪಾಪ, ಬೇಕಂತ ಮಾಡ್ಯಾನೇನು?

ಶುಕ್ರವಾರ ಸಂಜೆ, 'ಆಗಲಿ ಬಿಡ್ರಿ' ಎಂದು ಹೇಳಿಯೇ ಬಿಡೋಣವೆಂದು ಬಂದಳು. ಕುಶಾಲ್ ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ.

"ಒಡೆದುಬಿಡಿ ಅತ್ತೆ, ಯೋಚನೇನೇ ಮಾಡ್ಬೇಡಿ. ಹೆಂಗಿದ್ರೂ ನಿಮಗೆ ಅದು ಹಿಡಿಸ್ತಾ ಇರಲಿಲ್ಲ. ಬೆಳಗ್ಗೆ ಸುತ್ತಿಗೆ ನಾನೇ ತರ್ತೀನಿ... ಇಲ್ಲ ಇಲ್ಲ, ರಂಜನಿಗೆ ಈಗಲೇ ಗೊತ್ತಾಗಬಾರದು."

ರಂಜನಿ ಬಾಗಿಲಲ್ಲೇ ನಿಂತಳು. ನನ್ನ ಗೋಡೆ... ನನಗೆ ತಿಳಿಸದೆ!

ಅವಳು ಸದ್ದಿಲ್ಲದೆ ಹೊರಟು, ಹತ್ತಿರದ ಫ್ಲೋರಲ್ ಪಾರ್ಕ್ ಬಡಾವಣೆಯ ತನ್ನ ಕೋಣೆ ಸೇರಿ, ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಗೋಡೆಗಾಗಿ ಅತ್ತದ್ದೆಷ್ಟು, ಅವನು ಹೀಗೆ ಮಾಡಿದನಲ್ಲ ಎಂದು ಅತ್ತದ್ದೆಷ್ಟು... ಅವಳಿಗೇ ತಿಳಿಯಲಿಲ್ಲ.

ಬೆಳಗ್ಗೆ ಹೋಟೆಲಿನ ಬಾಗಿಲು ತಳ್ಳುವ ಮೊದಲೇ ಒಳಗಿನಿಂದ ಸುತ್ತಿಗೆಯ ಏಟು ಕೇಳಿಸಿತು.

"ಒಡಿಯೂದಿದ್ರ ಮೊದಲ ನನ್ನ ಒಡೀರಿ!" ಎಂದು ನುಗ್ಗಿ, ಗೋಡೆಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಳು.

ಎಲ್ಲರೂ ಬೆಚ್ಚಿದರು. ಬೋರಲಿಂಗಯ್ಯನವರ ಹೆಂಡತಿ ನಳಿನಾಕ್ಷಿ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ಸುತ್ತಿಗೆ. ಮುಂದೆ ಟವೆಲಿನಲ್ಲಿ ಸುತ್ತಿದ ತಟ್ಟೆಗಳು. ಸುತ್ತ ನೀಲಿ, ಹಸಿರು, ಹಳದಿ ಚೂರುಗಳ ಗುಡ್ಡೆ.

"ನಿನ್ನ ಯಾಕಮ್ಮ ಒಡೀಲಿ?" ಎಂದರು ಅವರು. "ನಾನು ಡಿನ್ನರ್ ಸೆಟ್ ಒಡೀತಿದೀನಿ. ನಮ್ಮನೆಯವರ ಅಕ್ಕ ನನ್ನ ಮದುವೇಲಿ ಕೊಟ್ಟಿದ್ದು. ಈ ಗಿಳಿ ಚಿತ್ರ ನೋಡಿ ನೋಡಿ ಊಟಾನೇ ಸೇರ್ತಿರಲಿಲ್ಲ."

"ಆ ಅಕ್ಕ ಅಂದ್ರೆ ನಮ್ಮಮ್ಮ" ಎಂದ ಕುಶಾಲ್ ಸಣ್ಣ ದನಿಯಲ್ಲಿ. "ವಾರವೆಲ್ಲ ಕನ್ನಡದವರ ಮನೆ ಮನೆಗೆ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ 'ಆಂಟಿ, ನಿಮಗೆ ಹಿಡಿಸದೇ ಇರೋ ತಟ್ಟೆ ಇದೆಯಾ' ಅಂತ ಕೇಳೋದು. ನಂಬ್ತೀರಾ, ಇಲ್ಲ ಅಂದವರೇ ಇಲ್ಲ."

ರಂಜನಿ ಚಾಚಿದ ಕೈಗಳನ್ನು ಮೆಲ್ಲನೆ ಇಳಿಸಿದಳು.

ಆಮೇಲೆ ಮಾತಿಗೆ ಬಿಡುವಿರಲಿಲ್ಲ. ಅವಳು ಏಣಿ ಹತ್ತಿದಳು, ಅವನು ಕೆಳಗೆ ನಿಂತು ಗಾರೆ ಕಲಸಿದ, ಚೂರು ಆರಿಸಿ ಕೊಟ್ಟ. ಸಂಜೆಯ ಬಿಸಿಲು ಒಳಗೆ ಬೀಳುವ ಹೊತ್ತಿಗೆ ಗೋಡೆ ನೀರಿನಂತೆ ಮಿನುಗುತ್ತಿತ್ತು.

ಬೋರಲಿಂಗಯ್ಯ ಬಂದು ನೋಡಿದರು. ಹತ್ತಿರ ಹೋಗಿ ಸವರಿದರು. "ಜ್ವರ ಇಳಿದಂಗೆ ಕಾಣ್ತದೆ" ಎಂದು ಗಂಟಲು ಸರಿಮಾಡಿಕೊಂಡು, ವಾಲ್‌ಪೇಪರ್ ರೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಹಿಂತಿರುಗಿಸಲು ಹೊರಟರು. ನಳಿನಾಕ್ಷಿ ಕಾಫಿ ಮಾಡಲು ಎದ್ದು ಹೋದರು.

"ರೀ, ಆ ಹಳದಿ ಚೂರು ಕೊಡ್ರಿ."

ಕುಶಾಲ್ ಅಲುಗಾಡಲಿಲ್ಲ.

"ರೀ..."

"ಹಂಗೆ ಕರೀಬೇಡಿ ರಂಜನಿ."

"ಯಾಕ್ರಿ, ಸಿಟ್ಟು ಬಂತೇನು?"

"ನಮ್ಮ ಮಂಡ್ಯದ ಕಡೆ ಬರೀ 'ರೀ' ಅಂತ ಕರೆಯೋದು ಹೆಂಡತಿ, ಗಂಡನ್ನ. ಬೆಳಗ್ಗೆಯಿಂದ ನೀವು ಕರೀತಾನೇ ಇದೀರಿ, ನಾನು ಓಗೊಡ್ತಾನೇ ಇದೀನಿ. ಈಗ ಅಭ್ಯಾಸ ಆಗ್ಬಿಟ್ಟಿದೆ. ನಾಳೆಯಿಂದ ನನ್ನನ್ನ ಹಂಗೆ ಯಾರು ಕರೀತಾರೆ?"

ಉತ್ತರ ರಂಜನಿಯ ಮನಸ್ಸಿನಲ್ಲಿತ್ತು. ಬಾಯಿಗೆ ಬಂದದ್ದು ಮಾತ್ರ ಬೇರೆ.

"ಅಯ್ಯ, ನಮ್ಮ ಧಾರವಾಡದಾಗ ಪೋಸ್ಟ್‌ಮನ್‌ಗೂ ರೀ ಅಂತೀವಿ."

"ಓ... ಪೋಸ್ಟ್‌ಮನ್‌ಗೂನಾ" ಎಂದ ಅವನು. ಹಳದಿ ಚೂರನ್ನು ಸುಮ್ಮನೆ ಎತ್ತಿ ಕೊಟ್ಟ.

ಅವಳು ಅದನ್ನು ಗಾರೆಗೆ ಒತ್ತಿ, ಕಚ್ಚಿಕೊಳ್ಳುವವರೆಗೂ ಬೆರಳು ತೆಗೆಯಲಿಲ್ಲ. ಮುಖ ಗೋಡೆಯ ಕಡೆಗೇ ಇತ್ತು.

"ಇನ್ನ ಮ್ಯಾಲೆ ಪೋಸ್ಟ್‌ಮನ್‌ಗೆ 'ಅಣ್ಣಾ' ಅಂತೀನಿ."

ಕೆಳಗೆ ಕರಣೆ ಠಣ್ಣನೆ ನೆಲಕ್ಕೆ ಬಿತ್ತು.

"ಮತ್ತೆ... ನನಗೆ?"

ಅವಳು ತಿರುಗಿ ನೋಡದೆ ಗಾರೆ ಮೆತ್ತಿದ ಕೈಯನ್ನು ಕೆಳಗೆ ಚಾಚಿದಳು.

"ರೀ... ಇನ್ನೊಂದು ಚೂರು ಕೊಡ್ರಿ."